ಅಜ್ಜಿ ತಿನ್ನಿಸಿದ ಎಳ್ಳುಬೆಲ್ಲ

"ಯಾರು ಕೊಟ್ಟಿದ್ದು ಅಂತ ಕೇಳ್ತಿದ್ದೀನಿ! ಬಾಯಿ ಬಿಡು ಸರ್ವಮಂಗಳಾ!"

ಗಂಡ ಸಿದ್ದಲಿಂಗಸ್ವಾಮಿಯ ಕೂಗಿಗೆ ವಿದ್ಯಾರಣ್ಯಪುರಂನ ಆ ಪುಟ್ಟ ಮನೆಯೇ ನಡುಗಿತು. ಈಗಷ್ಟೇ ಆಸ್ಪತ್ರೆಯಿಂದ ಬಂದಿದ್ದರು. ಒಂಬತ್ತು ವರ್ಷದ ಮಗಳು ಶಿಲ್ಪಶ್ರೀಯ ವಸಡಿನ ಹೊಲಿಗೆ ಬಿಚ್ಚಿಕೊಂಡು ಕೀವಾಗಿತ್ತು; ಒಳಗೆ ಎಳ್ಳು ಸಿಕ್ಕಿತ್ತು. "ಹಾಕಿದ ಮೂಳೆ ಉಳಿಯೋಲ್ಲ. ಗಾಯ ವಾಸಿಯಾದ ಮೇಲೆ ಸೊಂಟದ ಇನ್ನೊಂದು ಕಡೆಯಿಂದ ಮೂಳೆ ತೆಗೆದು ಮತ್ತೆ ಹಾಕಬೇಕು" ಎಂದಿದ್ದರು ಡಾಕ್ಟರು.

ಅಯ್ಯೋ, ಆ ಕೂಸು ಹುಟ್ಟುವಾಗಲೇ ತುಟಿಯೂ ಅಂಗುಳೂ ಸೀಳಿದ್ದವು. ಕುಡಿದ ಹಾಲು ಮೂಗಿನಿಂದ ಬರುತ್ತಿತ್ತು. ಒಳಲೆಯಲ್ಲಿ ಹನಿಹನಿ ಕುಡಿಸಿ ಬದುಕಿಸಿದವಳು ಸರ್ವಮಂಗಳಾ ಒಬ್ಬಳೇ! ಅತ್ತೆ ಬೆಟ್ಟಮ್ಮ ಮುಖ ತಿರುಗಿಸಿದವರು ತಿರುಗಿಸಿಯೇ ಇದ್ದರು. "ಗ್ರಹಣದಲ್ಲಿ ಈಚೆ ಬರಬೇಡ ಅಂದ್ರೆ ಕೇಳಿದ್ಯಾ?" ಎಂಬ ಒಂದೇ ಚುಚ್ಚುಮಾತು, ವರ್ಷಗಟ್ಟಲೆ. ಎಳವೆಯಲ್ಲೇ ತುಟಿ ಹೊಲಿಸಿದ್ದಾಯಿತು, ಅಂಗುಳು ಮುಚ್ಚಿಸಿದ್ದಾಯಿತು. ಆದರೆ ಮೇಲ್ದವಡೆ ಸರಿಯಾಗಿ ಬೆಳೆಯಲೇ ಇಲ್ಲ. ವಸಡಿನಲ್ಲಿ ಮೂಳೆಯಿಲ್ಲದ ಬಿರುಕು ಉಳಿದಿತ್ತು. ಕೋರೆಹಲ್ಲು ಇಳಿಯುವ ಮೊದಲೇ ಅಲ್ಲಿಗೆ ಸೊಂಟದ ಮೂಳೆ ತುಂಬಬೇಕಿತ್ತು. "ಹೆಣ್ಣುಮಗೀನ ಸೊಂಟ ಕುಯ್ಯಿಸ್ತೀಯಾ? ನಾಳೆ ಹೆರೋದು ಬೇಡ್ವಾ?" ಎಂದು ಬೆಟ್ಟಮ್ಮ ಬಾಗಿಲಿಗೆ ಅಡ್ಡ ನಿಂತರೂ, ಸರ್ವಮಂಗಳಾ ಹಟ ಹಿಡಿದು ಆಪರೇಷನ್ ಮಾಡಿಸಿದ್ದಳು. ಹೊಲಿಗೆ ಮಾಯುವವರೆಗೆ ಬರೀ ಗಂಜಿ, ಹಾಲು.

ಅಷ್ಟರಲ್ಲಿ ೨೦೦೧ರ ಸಂಕ್ರಾಂತಿ ಬಂತು. ಬೀದಿಯ ಹುಡುಗಿಯರೆಲ್ಲ ರೇಷ್ಮೆ ಲಂಗ ತೊಟ್ಟು ಎಳ್ಳು ಬೀರಲು ಹೊರಟರೆ ಶಿಲ್ಪಶ್ರೀ ಕಿಟಕಿಯಲ್ಲಿ ಕೂತು ನೋಡುತ್ತಿದ್ದಳು. ಬೆಟ್ಟಮ್ಮನ ಕರುಳಿಗೆ ಅಂದು ಏನಾಯಿತೋ! "ಹಬ್ಬದ ದಿನ ಎಳ್ಳು ಬಾಯಿಗೆ ಬೀಳದಿದ್ರೆ ಎಂಗೆ ಕಂದಾ? ಒಂಚೂರು ತಿನ್ನು" ಎಂದು ತಾವೇ ಬಾಯಿಗಿಟ್ಟರು. ಅಜ್ಜಿಯ ಕೈ ಅವಳ ಬಾಯಿಯ ಹತ್ತಿರ ಬಂದದ್ದು ಹುಟ್ಟಿದ ಮೇಲೆ ಅದೇ ಮೊದಲು... ತಿನ್ನಬಾರದೆಂದು ಗೊತ್ತಿದ್ದರೂ ಬೇಡವೆನ್ನಲು ಆ ಮಗುವಿಗೆ ಮನಸ್ಸು ಬಂದೀತೇ? ಸರ್ವಮಂಗಳಾ ಅಡುಗೆಮನೆಯಿಂದ ಓಡಿಬಂದು ಉಪ್ಪುನೀರಿನಲ್ಲಿ ಮಗಳ ಬಾಯಿ ತೊಳೆಸಿದಳು. ಪ್ರಯೋಜನವಾಗಲಿಲ್ಲ.

ಈಗ ಬೆಟ್ಟಮ್ಮ ಗೋಡೆಗೆ ಒರಗಿ ಬಿಳಿಚಿಕೊಂಡು ಕೂತಿದ್ದರು. ಮಗಳು ಅಜ್ಜಿಯತ್ತ ನೋಡಿ ತಲೆ ತಗ್ಗಿಸಿದಳು.

"ನಾನೇ ಕೊಟ್ಟೆ ಕಣ್ರೀ," ಎಂದಳು ಸರ್ವಮಂಗಳಾ. "ಹಬ್ಬ ಅಂತ..."

"ನೀನಾ? ಹೆತ್ತೋಳು ನೀನು! ಅಷ್ಟೆಲ್ಲ ಹಟ ಮಾಡಿ ಮಾಡ್ಸಿ, ನೀನೇ ಹಾಳು ಮಾಡ್ಬುಟ್ಯಲ್ಲೇ!" ಸಿದ್ದಲಿಂಗಸ್ವಾಮಿ ಸ್ಕೂಟರ್ ಹತ್ತಿ ಹೊರಟೇ ಹೋದ.

ಹಿತ್ತಲಿಗೆ ಹೋದ ತಾಯಿಯ ಸೆರಗನ್ನು ಮಗಳು ಜಗ್ಗಿದಳು. "ಅಮ್ಮಾ, ಸುಳ್ಳು ಯಾಕೆ ಹೇಳ್ದೆ?"

"ಅಜ್ಜಿ ಹೆದರ್ಕೊಂಡ್ರೆ ಇನ್ಯಾವತ್ತೂ ನಿಂಗೆ ತಿನ್ಸಲ್ಲ ಕಣಮ್ಮ... ಹೋಗು, ಅವರ ಹತ್ರ ಕೂತ್ಕೋ."

ಆ ಸಂಜೆ ಬೆಟ್ಟಮ್ಮ ಗಂಜಿ ಸೋಸಿ, ಆರಿಸಿ, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕುಡಿಸಿದರು. ಕುಡಿಸುತ್ತಾ ಅತ್ತರು. ಎರಡನೆಯ ಆಪರೇಷನ್ ಆಯಿತು, ಮೂಳೆ ಕೂಡಿಕೊಂಡಿತು, ಕೋರೆಹಲ್ಲೂ ಇಳಿಯಿತು. ಗಂಡನ ಮನಸ್ಸು ಮಾತ್ರ ತಿಳಿಯಾಗಲಿಲ್ಲ. ಬೆಟ್ಟಮ್ಮ ನಿಜ ಹೇಳಲಿಲ್ಲ. ಸರ್ವಮಂಗಳಾ ಹೇಳಿಸಲೂ ಇಲ್ಲ. ಅಜ್ಜಿ ಮೊಮ್ಮಗಳು ನಡುಮನೆಯಲ್ಲಿ ಒಂದೇ ತಟ್ಟೆಯಲ್ಲಿ ನಗುನಗುತ್ತಾ ಉಣ್ಣುತ್ತಿದ್ದರು. ಅವರಿಬ್ಬರಿಗೂ ಬಡಿಸಿ, ಅವಳು ಒಳಗೆ ಒಬ್ಬಳೇ ಕೂತು ಊಟ ಮುಗಿಸುತ್ತಿದ್ದಳು.