ಡಾನ್ ಕಸಿಮಿರೊ ಹೇಳಿದ ಗುಂಡಿ

ಇಡೀ ಲಾ ಪಾಸ್ ಊರಿನಲ್ಲಿ ನನ್ನಂಥ ಅನುಮಾನದ ಪಿಶಾಚಿ ಇನ್ನೊಬ್ಬನಿಲ್ಲ. ದೆವ್ವಗಳೇ ನನ್ನನ್ನು ಕಂಡರೆ ಓಣಿ ಬದಲಿಸುತ್ತವೆ. ಚಿಕ್ಕಮ್ಮ ಸತುರ್ನಿನಾ ಮನೆಯಲ್ಲಿಟ್ಟು ಪೂಜಿಸುವ ತಲೆಬುರುಡೆಯ ಹೆಸರು ಡಾನ್ ಕಸಿಮಿರೊ. ಅದು ಕನಸಿನಲ್ಲಿ ಬಂದು, ಚಿಕ್ಕಮ್ಮನ ಕಾಣೆಯಾದ ಕಿವಿಯೋಲೆ ಕದ್ದವಳು ಸೊಸೆ ವಿಲ್ಮಾ ಎಂದಿತಂತೆ. ನಾನು ಹೋಗುವಷ್ಟರಲ್ಲಿ ವಿಲ್ಮಾಳ ಬಟ್ಟೆಗಂಟು ಹೊಸ್ತಿಲಾಚೆ ಬಿದ್ದಿತ್ತು.

"ಚಿಕ್ಕಮ್ಮಾ, ನಿನ್ನ ಬುರುಡೆ ಬುರುಡೆ ಬಿಡ್ತಿದೆ!"

"ಬಾಯಿ ಮುಚ್ಚೋ! ಅವರಿಗೆ ಸಿಟ್ಟು ಬರುತ್ತೆ."

ಬುರುಡೆಯ ಹಲ್ಲಿಗೆ ಸಿಕ್ಕಿಸಿದ್ದ ಸಿಗರೇಟಿನ ತುದಿ ಕೆಂಪಗಾಯಿತು. ಗಾಳಿಯೇ ಇರಲಿಲ್ಲ.

"ನನ್ನ ಮುಷ್ಟಿಯಲ್ಲಿ ಏನಿದೆ ಅಂತ ಕೇಳು ಅವರನ್ನ."

ಚಿಕ್ಕಮ್ಮ ಬುರುಡೆಗೆ ಕಿವಿಯಿಟ್ಟಳು. "ಗುಂಡಿ. ಬಿಳೀ ಅಂಗಿ ಗುಂಡಿ."

ಮುಷ್ಟಿ ಬಿಚ್ಚಿದೆ. ಮೊದಲಿನಿಂದಲೂ ಬರಿಗೈ! ನಾನು ನಕ್ಕ ರಭಸಕ್ಕೆ ಬೆಟ್ಟದ ಹಿಮವೆಲ್ಲ ಜಾರಿರಬೇಕು. ಚಿಕ್ಕಮ್ಮ ಮುಖ ಸಣ್ಣ ಮಾಡಿಕೊಂಡು ಬಟ್ಟೆಗಂಟನ್ನು ತಾನೇ ಒಳಗೆ ತಂದಳು.

ವಿಲ್ಮಾ ಕಾಫಿ ಕೊಡುತ್ತ ಪಿಸುಗುಟ್ಟಿದಳು: "ಭಾವ, ನಿಮ್ಮ ಎದೆ ಮೇಲಿನ ಗುಂಡಿ ಎಲ್ಲಿ? ಬಂದಾಗ ಇತ್ತಲ್ಲ."

ಬಗ್ಗಿ ನೋಡಿದೆ. ಗುಂಡಿ ಇರಲಿಲ್ಲ. ನಡುಮಧ್ಯಾಹ್ನದ ಬಿಸಿಲಲ್ಲೂ ನನ್ನ ಅಂಗೈ ಮಂಜಿನಂತೆ ಕೊರೆಯುತ್ತಿತ್ತು.

"ಅತ್ತೆಗೆ ಹೇಳ್ಬೇಡಿ" ಎಂದಳು ವಿಲ್ಮಾ. ನಾನು ಹೇಳಲಿಲ್ಲ. ಗುಂಡಿ ಸಿಗಲೂ ಇಲ್ಲ. ಅದನ್ನು ಹೊಲಿದಿದ್ದ ದಾರ ಮಾತ್ರ ಎಲ್ಲೂ ಹರಿಯದೆ, ಗಂಟು ಬಿಚ್ಚದೆ, ಅಂಗಿಯಲ್ಲಿ ಹಾಗೇ ಇದೆ.