ಎಡಕ್ಕೆ ತಿರುಗುವ ಕತ್ತು

"ಏ ಪಟಾಕಿ, ಪರದೆಗೆ ಯಾಕೆ ಭಾಷಣ ಮಾಡ್ತಿದೀಯಾ? ನಾವು ಇಲ್ಲಿದೀವಿ!"

ಮುಂದಿನ ಸಾಲಿನಿಂದ ಕ್ಲಾಸ್ ಲೀಡರ್ ಕೂಗಿದ. ಭಾಷಣ ಸ್ಪರ್ಧೆಗೆ ಸೇರಿದ್ದ ಇಡೀ ಹಾಲ್ ಗೊಳ್ಳೆಂದು ನಕ್ಕಿತು.

ತಾನು ಪೂರ್ತಿ ಎಡಕ್ಕೆ ತಿರುಗಿ ನಿಂತಿದ್ದೇನೆಂದು, ಪಟಪಟ ಮಾತಿಗೇ ಆ ಅಡ್ಡಹೆಸರು ಪಡೆದಿದ್ದ ಪಟಾಕಿಗೆ ಗೊತ್ತಾದದ್ದೇ ಆಗ. ಮೈಕು ಪಕ್ಕದಲ್ಲಿ ಒಂಟಿಯಾಗಿ ನಿಂತಿತ್ತು.

ಅದಕ್ಕೆ ಕಾರಣವಿತ್ತು. ಎರಡನೇ ಕ್ಲಾಸಿನಿಂದಲೂ ಅವಳ ಭಾಷಣಗಳೆಲ್ಲ ತಯಾರಾದದ್ದು ಮನೆಯ ಚಿಕ್ಕ ರೂಮಿನಲ್ಲಿ. ಎಡಗಡೆ ಮೇಜಿನ ಮೇಲೆ ಅಕ್ಕ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತ ಕೇಳುತ್ತಿದ್ದಳು. ಮಾತು ಚೆನ್ನಾಗಿದ್ದರೆ ಇಸ್ತ್ರಿಪೆಟ್ಟಿಗೆ ಸರಾಗವಾಗಿ ಓಡುತ್ತಿತ್ತು. ಬಾಯಿಪಾಠ ಒಪ್ಪಿಸಿದರೆ ಗಕ್ಕನೆ ನಿಲ್ಲುತ್ತಿತ್ತು. ಅಕ್ಕ ಗದರುತ್ತಿದ್ದಳು:

"ಉಸಿರು ತಗೊಳ್ಳೇ! ಯಾರು ಅಟ್ಟಿಸ್ಕೊಂಡು ಬರ್ತಿದಾರೆ ನಿನ್ನ?"

ಹೋದ ವಾರ ಅಕ್ಕ ಟೀಚರ್ ಕೆಲಸ ಸಿಕ್ಕಿ ದೂರದ ಊರಿಗೆ ಹೋದಳು. ಎರೆಹುಳುವಿನ ಬಗೆಗಿನ ಈ ಭಾಷಣವನ್ನು ಪಟಾಕಿ ಒಬ್ಬಳೇ ಕಲಿತಳು. ಆದರೆ ಕತ್ತಿಗೆ ಹಳೇ ಚಾಳಿ. ಒಂದೊಂದು ವಾಕ್ಯ ಮುಗಿದಾಗಲೂ ಅದು ಅಕ್ಕನನ್ನು ಹುಡುಕುತ್ತಿತ್ತು.

ಈಗ ಅವಳು ಸಭೆಯ ಕಡೆ ತಿರುಗಿದಳು. 'ಎರೆಹುಳುವಿಗೆ ಕಣ್ಣಿಲ್ಲ' ಎಂಬಲ್ಲಿಗೆ ಬಂದಿದ್ದಳು. ಮುಂದಿನದು ಹೊಳೆಯಲೇ ಇಲ್ಲ.

"ಠುಸ್ ಪಟಾಕಿ!" ಯಾರೋ ಪಿಸುಗುಟ್ಟಿದರು.

ಓಡಿಹೋಗೋಣ ಅನ್ನಿಸಿತು. ಅಷ್ಟರಲ್ಲಿ ಒಂದನೇ ಕ್ಲಾಸಿನ ಮುಂದಿನ ಹಲ್ಲು ಬಿದ್ದ ಪುಟಾಣಿಯೊಬ್ಬಳು ಎದ್ದು ನಿಂತಳು.

"ಅಕ್ಕಾ, ಕಣ್ಣೇ ಇಲ್ದಿದ್ರೆ ಅದಕ್ಕೆ ಬೆಳಗಾಗಿದ್ದು ಹೇಗೆ ಗೊತ್ತಾಗುತ್ತೆ?"

ಪಟಾಕಿ ಆ ಮುಖವನ್ನೇ ನೋಡಿದಳು. ಅದು ನಗುತ್ತಿರಲಿಲ್ಲ, ಕಾಯುತ್ತಿತ್ತು. ಒಂದು ಉಸಿರು ತೆಗೆದುಕೊಂಡು ಮೈಕಿನ ಹತ್ತಿರ ಬಂದಳು.

"ಅದರ ಚರ್ಮಕ್ಕೇ ಬೆಳಕು ಗೊತ್ತಾಗುತ್ತೆ ಪುಟ್ಟಿ. ಬಿಸಿಲು ಬಿದ್ರೆ ಒಣಗಿಹೋಗ್ತೀನಿ ಅಂತ ಮಣ್ಣೊಳಗೆ ನುಸುಳುತ್ತೆ."

"ಅಯ್ಯೋ ಪಾಪ! ಆಮೇಲೆ?"

ಆಮೇಲಿನದೆಲ್ಲ ಅವಳು ಆ ಪುಟಾಣಿಗೇ ಹೇಳಿದಳು. ಎರಡು ಕಡೆ ತಡವರಿಸಿದಳು. ಬಹುಮಾನ ಬೇರೆಯವರಿಗೆ ಹೋಯಿತು.

ಸಂಜೆ ಅಕ್ಕನ ಫೋನ್ ಬಂತು. "ಹೇಗಾಯ್ತೇ?"

'ನೀನು ಇರಬೇಕಿತ್ತು' ಎಂಬ ಮಾತು ತುಟಿಯವರೆಗೆ ಬಂದಿತ್ತು. ಆದರೆ ಅಕ್ಕನ ದನಿ ಯಾಕೋ ಸಣ್ಣಗಿತ್ತು.

"ಮುಗೀತು. ನಿಂಗೇನಾಯ್ತು ಅಕ್ಕ?"

"ಏನಿಲ್ಲ ಕಣೇ. ನಾಳೆ ನನ್ನ ಮೊದಲ ಕ್ಲಾಸು. ಕೈ ತಣ್ಣಗಾಗಿದೆ. ಈ ರೂಮಲ್ಲಿ ಒಬ್ಬಳೇ ಗೋಡೆಗೆ ಪಾಠ ಹೇಳ್ತಾ ಇದೀನಿ."

ಅಕ್ಕನಿಗೂ ಹೆದರಿಕೆ ಆಗಬಹುದೆಂದು ಪಟಾಕಿ ಯೋಚಿಸಿಯೇ ಇರಲಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಫೋನನ್ನು ಕಿವಿಗೆ ಒತ್ತಿಕೊಂಡಳು.

"ಗೋಡೆ ಬಿಡು. ನಂಗೆ ಹೇಳು, ಮೊದಲಿಂದ."

ಅತ್ತ ಅಕ್ಕ ಗಂಟಲು ಸರಿಮಾಡಿಕೊಂಡಳು.