ಸೋಪು ಹಾಕಿದ ಮರಿ

"ಈ ಮರಿಗೆ ಸೋಪು ಹಾಕಿ ಸ್ನಾನ ಮಾಡಿಸಿದ್ದು ಯಾರು?"

ಕೊಟ್ಟಿಗೆಗೆ ಕಾಲಿಟ್ಟ ಹೊಸ ಪಶುವೈದ್ಯನ ಮೊದಲ ಮಾತೇ ಅದು. ಊರವರ ಬಟ್ಟೆ ಹೊಲಿಯುವ ಟೈಲರಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನಾನೇ... ಹುಟ್ಟಿದಾಗ ಮೈಯೆಲ್ಲ ಲೋಳೆ ಇತ್ತು. ಚೊಕ್ಕ ಮಾಡೋಣ ಅಂತ..."

"ಅದನ್ನ ತಾಯಿ ನೆಕ್ಕಬೇಕಿತ್ತು. ವಾಸನೆ ಹೋದ್ಮೇಲೆ ಇದು ತನ್ನ ಮರಿ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?"

ಬಟ್ಟೆಯ ಮೇಲೆ ಒಂದೆಳೆ ನೂಲು ಕಂಡರೂ ಸಹಿಸದ ಹುಡುಗಿ ಅವಳು. ಸೋದರತ್ತೆ ಸಾಯುವ ಮುಂಚೆ ತನ್ನ ಐದು ಆಡುಗಳನ್ನು ಅವಳಿಗೇ ಒಪ್ಪಿಸಿದ್ದಳು. ಆಡು ಸಾಕಿ ಗೊತ್ತಿರಲಿಲ್ಲ, ಆದರೂ ಅತ್ತೆಗೆ ಮಾತು ಕೊಟ್ಟಾಗಿತ್ತು. ಒಂದು ಮರಿ ಸತ್ತರೂ ಆಡುಗಳೆಲ್ಲ ಬೇರೆಯವರ ಪಾಲು ಎಂದು ಅಣ್ಣ ಅಂದೇ ಖಡಾಖಂಡಿತವಾಗಿ ಹೇಳಿದ್ದ. ಈಗ ನೋಡಿದರೆ, ಮೊದಲ ಮರಿಯನ್ನೇ ತಾಯಿ ಕೊಂಬಿನಿಂದ ದೂಡುತ್ತಿತ್ತು.

"ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ನಿನ್ನ ಸೋಪು ಮಾತ್ರ ಅದಕ್ಕೂ ಬೇಡ" ಎಂದು ಪಕ್ಕದಲ್ಲೇ ನಿಂತಿದ್ದ ಅಣ್ಣ ನಕ್ಕ.

ವೈದ್ಯ ನಗಲಿಲ್ಲ. ಅವಳತ್ತ ತಿರುಗಿದ. "ತಾಯಿನ ಹಿಡ್ಕೊಂಡು ದಿನಕ್ಕೆ ನಾಲ್ಕು ಸಲ ಹಾಲು ಕುಡಿಸ್ಬೇಕು. ನಾನೇ ಬರ್ತೀನಿ. ನೀವು ಮೂರು ದಿನ ಈ ಕಡೆ ಬರಬೇಡಿ."

ಹೊಲಿಗೆ ಯಂತ್ರದ ಮುಂದೆ ಕೂತವಳ ಕಣ್ಣು ಮಂಜಾಯಿತು. ಹೊಲಿಗೆ ಸೊಟ್ಟಗೆ ಓಡಿತು. ನಾನೆಂದರೆ ಅಷ್ಟು ತಾತ್ಸಾರವೇ ಇವನಿಗೆ? ಮರಿಯನ್ನು ಎದೆಗವುಚಿಕೊಂಡಿದ್ದ ಅವನ ಕೈಗಳು ಮಾತ್ರ ಮನಸ್ಸಿನಿಂದ ಹೋಗಲೊಲ್ಲವು... ಅದಕ್ಕೂ ಅವಳಿಗೆ ಸಿಟ್ಟು ಬಂತು.

ಮರುದಿನ ಬೆಳಗ್ಗೆ ಬರೀ ನೀರಲ್ಲಿ ಕೈ ತೊಳೆದು ಸೀದಾ ಕೊಟ್ಟಿಗೆಗೆ ನುಗ್ಗಿದಳು.

"ಇವು ನನ್ನ ಆಡುಗಳು ಡಾಕ್ಟರೇ. ಕಲಿಸಿ, ಇಲ್ಲಾಂದ್ರೆ ಹೊರಡಿ."

ಅವನು ಪಕ್ಕಕ್ಕೆ ಸರಿದು ಜಾಗ ಬಿಟ್ಟ.

"ಸ್ವಲ್ಪ ಹಾಲು ಕರೆದು ಮರಿ ಬೆನ್ನಿಗೆ, ಬಾಲಕ್ಕೆ ಸವರಿ. ಕುಡಿಯೋವಾಗ ತಾಯಿ ಅಲ್ಲೇ ಮೂಸೋದು, ತನ್ನ ಹಾಲಿನ ವಾಸನೆ ಸಿಗುತ್ತೆ."

ಅವಳು ಸವರಿದಳು. ಆಡು ಒದೆಯಿತು, ಕಾಲು ತುಳಿಯಿತು. ಅವಳು ಹಿಡಿತ ಬಿಡಲಿಲ್ಲ. ಎರಡು ದಿನ ಲಂಗದ ತುಂಬ ಹಿಕ್ಕೆ, ತಲೆಯ ತುಂಬ ಹುಲ್ಲು. ಅಪ್ಪಟ ಚೊಕ್ಕಗಾತಿಗೆ ಅದರ ಪರಿವೆಯೇ ಇರಲಿಲ್ಲ.

ಮೂರನೆಯ ದಿನ ಯಾರೂ ಹಿಡಿಯಬೇಕಾಗಲಿಲ್ಲ. ತಾಯಿ ತಾನಾಗಿ ಬಂದು ಮರಿಯ ಬಾಲ ಮೂಸಿತು, ಮೆಲ್ಲಗೆ ದನಿ ತೆಗೆದು ಕರೆಯಿತು, ನೆಕ್ಕತೊಡಗಿತು.

ಗೆದ್ದೆ! ಟೈಲರಮ್ಮ ನಗುತ್ತಲೇ ಅತ್ತಳು. ಬಾಗಿಲಲ್ಲಿ ನಿಂತಿದ್ದ ಅಣ್ಣ, "ಆಡುಗಳು ನಿನ್ನವೇ ಕಣೇ. ಇನ್ನು ನಾನು ತುಟಿ ಬಿಚ್ಚಲ್ಲ" ಎಂದು ಹೊರಟುಹೋದ.

"ಅವತ್ತು ನನ್ನನ್ನ ಯಾಕೆ ದೂರ ಇಟ್ರಿ? ದಡ್ಡಿ ಅಂತಾನಾ?" ಅವಳು ವೈದ್ಯನನ್ನು ಕೇಳಿದಳು.

"ಮರಿ ತುಂಬಾ ಸೋತಿತ್ತು. ಉಳಿಯುತ್ತೋ ಇಲ್ವೋ... ಅದು ಸಾಯೋದನ್ನ ನೀವು ನೋಡ್ಬಾರದು ಅನ್ಸಿತು."

"ಸತ್ತಿದ್ರೆ ನೀವೊಬ್ಬರೇ ಅಳ್ತಿದ್ರಾ?"

ಅವನು ತಲೆ ತಗ್ಗಿಸಿ ಹೂಂ ಎಂದ. ಅವಳ ಸಿಟ್ಟೆಲ್ಲ ಅಲ್ಲೇ ಕರಗಿತು. ಇವನನ್ನು ಬಿಟ್ಟರೆ ತನಗೆ ಬೇರೆ ಯಾರೂ ಬೇಡ ಎಂದು ಅವಳಿಗೆ ಖಚಿತವಾಯಿತು.

"ನಾಳೆ ಮನೆಗೆ ಬನ್ನಿ. ಅಣ್ಣನ ಹತ್ರ ಮಾತಾಡ್ಬೇಕು ನೀವು."

"ಆಡಿನ ವಿಷಯಾನಾ?"

"ಅಲ್ಲ. ನನ್ನ ವಿಷಯ."

ಅವನು ಮುಖವೆತ್ತಿದ. "ನಾಳೆ ತನಕ ಯಾಕೆ? ಈಗಲೇ ನಡೀರಿ."